ಕತ್ತಿಯ ಹಿಡಿ ಯಾರ ಕೈಯಲ್ಲಿ? ಹೈದರಾಬಾದಿನ ಗಡಿ ತಕರಾರುಗಳ ಒಂದು ಸಮೀಕ್ಷೆ

ಹೈದರಾಬಾದಿನ ಕೋಠಿಯಲ್ಲಿ, ಮಹಿಳಾ ವಿಶ್ವವಿದ್ಯಾಲಯದ ಆವರಣದೊಳಗೆ, ದಪ್ಪ ಕಂಬಗಳ ದೊಡ್ಡದೊಂದು ಬಿಳಿ ಕಟ್ಟಡವಿದೆ. ಒಂದು ಕಾಲದ ಬ್ರಿಟಿಷ್ ರೆಸಿಡೆನ್ಸಿ ಅದು. 19ನೇ ಶತಮಾನದ ಆರಂಭದಲ್ಲಿ ರೆಸಿಡೆಂಟ್ ಆಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ್ದು, ದುಡ್ಡು ನಿಜಾಮನದು. ಇದರ ಬಗ್ಗೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾನ್ ಮಾಲ್ಕಮ್ ಬರೆದಿಟ್ಟ ಕಥೆಯೊಂದಿದೆ. ಕರ್ಕ್‌ಪ್ಯಾಟ್ರಿಕ್ ಜಾಗದ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಬರೆಸಿಕೊಂಡು ದರಬಾರಿಗೆ ಹೋದನಂತೆ. ನಿಜಾಮ ಒಪ್ಪಲಿಲ್ಲ. ಬೇಸರದಿಂದ ಹೊರಬಂದವನಿಗೆ ಆಮೇಲೆ ಗುಟ್ಟು ತಿಳಿಯಿತು: ತನ್ನ ಇಡೀ ರಾಜ್ಯದ ನಕ್ಷೆಯೂ ಹೆಚ್ಚುಕಡಿಮೆ ಅಷ್ಟೇ ಅಗಲವಿದ್ದುದರಿಂದ, ಇವನು ರಾಜ್ಯವನ್ನೇ ಕೇಳುತ್ತಿದ್ದಾನೆಂದು ನಿಜಾಮ ಭಾವಿಸಿದ್ದ. ಅದೇ ನಕ್ಷೆಯನ್ನು ಒಂದು ಚಿಕ್ಕ ಚೀಟಿಯ ಮೇಲೆ ಬರೆದು ತಂದಾಗ ತಕರಾರಿಲ್ಲದೆ ಒಪ್ಪಿಗೆ ಸಿಕ್ಕಿತು.

ಕಥೆಯಲ್ಲಿ ನಿಜಾಮನನ್ನು ಪೆದ್ದನಂತೆ ತೋರಿಸಲಾಗಿದೆ. ನನಗೇನೋ ಆತನ ಮೊದಲ ಅನುಮಾನವೇ ಸರಿಯಾಗಿತ್ತು ಅನಿಸುತ್ತದೆ. ಆ ಕಟ್ಟಡ ಎದ್ದದ್ದೇ ರಾಜ್ಯದ ರಕ್ಷಣೆಯನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟ ಮೇಲೆ. ಇದೇ ಊರಿನ ಇನ್ನೊಂದು ಮೂಲೆ ಕಂಚನ್‌ಬಾಗ್. ಅಲ್ಲಿ ಡಿಆರ್‌ಡಿಎಲ್ ಪ್ರಯೋಗಾಲಯವಿದೆ, ಭಾರತ್ ಡೈನಾಮಿಕ್ಸ್ ಕಾರ್ಖಾನೆಯಿದೆ. ಎ.ಪಿ.ಜೆ. ಅಬ್ದುಲ್ ಕಲಾಂ 1982ರಲ್ಲಿ ನಿರ್ದೇಶಕರಾಗಿ ಬಂದದ್ದು ಇಲ್ಲಿಗೇ. ಪೃಥ್ವಿ, ಅಗ್ನಿ ಕ್ಷಿಪಣಿಗಳ ಯೋಜನೆ ಬೆಳೆದದ್ದೂ ಇಲ್ಲೇ. ಎರವಲು ತಂದ ರಕ್ಷಣೆಯ ಸ್ಮಾರಕ ಒಂದು ಕಡೆ, ಸ್ವಂತ ರಕ್ಷಣೆಯ ಕಾರ್ಖಾನೆ ಇನ್ನೊಂದು ಕಡೆ. ಗಡಿ ತಕರಾರಿನಲ್ಲಿ ಸೇನಾಬಲದ ಅಂಜಿಕೆ ಎಷ್ಟು ಕೆಲಸ ಮಾಡುತ್ತದೆ, ಮಾತುಕತೆ ಎಷ್ಟು ಮಾಡುತ್ತದೆ, ಒಂದಕ್ಕೊಂದು ಯಾವಾಗ ನೆರವಾಗುತ್ತವೆ, ಯಾವಾಗ ಅಡ್ಡಗಾಲು ಹಾಕುತ್ತವೆ ಎಂಬುದನ್ನು ನೋಡಲು ದಕ್ಷಿಣದಲ್ಲಿ ಇದಕ್ಕಿಂತ ಒಳ್ಳೆಯ ಊರು ಸಿಗಲಾರದು.

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಸಾಮ, ದಾನ, ಭೇದ, ದಂಡ ಎಂದು ನಾವು ಬಾಯಿಪಾಠ ಮಾಡಿದ ನಾಲ್ಕು ಉಪಾಯಗಳಲ್ಲಿ ದಂಡ ಕೊನೆಯದು. ಆ ವಿಚಾರವನ್ನೆಲ್ಲ ವಿಸ್ತಾರವಾಗಿ ಹೇಳುವ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು. ಇನ್ನು ಕೃಷ್ಣ ಸಂಧಾನವನ್ನು ತಾಳಮದ್ದಲೆಯಲ್ಲಿ ರಾತ್ರಿಯಿಡೀ ಕೇಳಿದವರಿಗೆ ಸಂಧಾನದ ಒಳಸುಳಿಯನ್ನು ಬಿಡಿಸಿ ಹೇಳಬೇಕಿಲ್ಲ. ಕೃಷ್ಣ ಹೋದದ್ದು ಯುದ್ಧ ತಪ್ಪಿಸಲಿಕ್ಕೋ, ಯುದ್ಧದ ತಪ್ಪು ಯಾರದೆಂದು ಲೋಕಕ್ಕೆ ತೋರಿಸಲಿಕ್ಕೋ ಎಂಬ ವಾದ ಇನ್ನೂ ಮುಗಿದಿಲ್ಲ. ಹೈದರಾಬಾದಿನ ಚರಿತ್ರೆಯಲ್ಲೂ ಇಂಥ ಸಂಧಾನಗಳು ಹಲವು. ಅವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಬಲ ಎಷ್ಟಿತ್ತು ಎಂಬುದಕ್ಕಿಂತ ಬಲದ ಲಗಾಮು ಯಾರ ಕೈಯಲ್ಲಿತ್ತು ಎಂಬುದೇ ಫಲವನ್ನು ತೀರ್ಮಾನಿಸಿದ್ದು ಕಾಣುತ್ತದೆ. ಮಾತಾಡುವವನ ಕೈಯಲ್ಲೇ ಕತ್ತಿಯ ಹಿಡಿಯೂ ಇದ್ದಾಗ ಎದುರಾಳಿ ಅಂಜುತ್ತಾನೆ, ಮಾತಿಗೂ ಬರುತ್ತಾನೆ. ಕತ್ತಿ ಒಬ್ಬನ ಕೈಯಲ್ಲಿ, ಮಾತು ಇನ್ನೊಬ್ಬನ ಬಾಯಲ್ಲಿ ಆದಾಗ ಎರಡೂ ಕೆಡುತ್ತವೆ.

ಹೈದರಾಬಾದ್ ಹುಟ್ಟುವ ಮೊದಲೇ ಈ ಗಡಿ ಹುಟ್ಟಿತ್ತು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್ ಎರಡು ಶತಮಾನ ಬಹಮನಿಗಳಿಗೂ ವಿಜಯನಗರಕ್ಕೂ, ಆಮೇಲೆ ಬಿಜಾಪುರಕ್ಕೂ ವಿಜಯನಗರಕ್ಕೂ ತಕರಾರಿನ ನೆಲ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ರಾಯಚೂರಿನ ಬಳಿ ಇಸ್ಮಾಯಿಲ್ ಆದಿಲ್ ಷಾಹನನ್ನು ಸೋಲಿಸಿದ. ಗೆಲುವಿನ ಕಥೆ ನಮಗೆಲ್ಲ ಗೊತ್ತು. ಅದರ ಮುಂದಿನ ಭಾಗವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಪೋರ್ತುಗೀಸ್ ವರ್ತಕ ನೂನಿಜ್ ಬರೆದಿರುವ ಪ್ರಕಾರ ಬಿಜಾಪುರದ ರಾಯಭಾರಿ ಸಂಧಿಗೆ ಬಂದಾಗ, ಸುಲ್ತಾನ ಬಂದು ತನ್ನ ಪಾದಕ್ಕೆ ಮುತ್ತಿಟ್ಟರೆ ಗೆದ್ದದ್ದನ್ನು ಹಿಂದಿರುಗಿಸುತ್ತೇನೆ ಎಂದು ರಾಯ ಷರತ್ತು ಹಾಕಿದ. ಮುದಗಲ್ಲಿನ ಬಳಿ ಭೇಟಿ ಎಂದಾಯಿತು. ರಾಯ ಹೋದ, ಸುಲ್ತಾನ ಬರಲಿಲ್ಲ. ರಾಯ ಸಿಟ್ಟಿನಲ್ಲಿ ಬಿಜಾಪುರದವರೆಗೂ ದಂಡು ನಡೆಸಿದ. ಗೆಲುವು ಇಮ್ಮಡಿಯಾಯಿತು, ಒಪ್ಪಂದ ಮಾತ್ರ ಆಗಲಿಲ್ಲ. ಕತ್ತಿಯೂ ಮಾತೂ ಒಬ್ಬನ ಕೈಯಲ್ಲೇ ಇದ್ದವು, ನಿಜ. ಆದರೆ ಸೋತವನಿಗೆ ತಲೆಯೆತ್ತಿಕೊಂಡು ಹಿಂದಿರುಗುವ ದಾರಿಯನ್ನೇ ಮುಚ್ಚಿದ ಮೇಲೆ ಅವನು ಮೇಜಿಗೆ ಬರುವುದಾದರೂ ಏಕೆ?

ಅಳಿಯ ರಾಮರಾಯ ಹಿಡಿದದ್ದು ಭೇದದ ದಾರಿ. ಗೋಲ್ಕೊಂಡದಿಂದ ಓಡಿಬಂದ ರಾಜಕುಮಾರ ಇಬ್ರಾಹಿಂ ಕುತುಬ್ ಷಾಹನಿಗೆ ವಿಜಯನಗರದಲ್ಲಿ ಏಳು ವರ್ಷ ಆಶ್ರಯ ಕೊಟ್ಟ. 1550ರಲ್ಲಿ ಅವನೇ ಗೋಲ್ಕೊಂಡದ ಸುಲ್ತಾನನಾದ. ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವ ಆಟ ಒಂದು ತಲೆಮಾರು ಸೊಗಸಾಗಿ ನಡೆಯಿತು. 1565ರ ಜನವರಿಯಲ್ಲಿ ರಕ್ಕಸ ತಂಗಡಿಯ ಬಯಲಿನಲ್ಲಿ ಎದುರು ನಿಂತ ಒಕ್ಕೂಟದಲ್ಲಿ ಅದೇ ಇಬ್ರಾಹಿಮನೂ ಇದ್ದ. ಅವನ ಮಗ ಮಹಮ್ಮದ್ ಕುಲಿ 1591ರಲ್ಲಿ ಮೂಸಿ ನದಿಯ ದಡದಲ್ಲಿ ಹೈದರಾಬಾದ್ ಕಟ್ಟಿದ.

ಆಸಫಜಾಹಿ ನಿಜಾಮರ ಕಾಲಕ್ಕೆ ಬಂದರೆ ಸೋಲುಗಳ ಪಟ್ಟಿ ಉದ್ದವಿದೆ. 1728ರಲ್ಲಿ ಪಾಲಖೇಡದಲ್ಲಿ ಬಾಜೀರಾವ್ ನೀರು, ದವಸ ಎರಡನ್ನೂ ಕಟ್ಟಿಹಾಕಿ ಮೊದಲ ನಿಜಾಮನನ್ನು ಮುಂಗಿ ಶೇವಗಾಂವ್ ಒಪ್ಪಂದಕ್ಕೆ ಎಳೆತಂದ. 1760ರಲ್ಲಿ ಉದಗೀರದ ಸೋಲಿನ ಬೆಲೆಯಾಗಿ ಬಿಜಾಪುರ, ದೌಲತಾಬಾದ್, ಅಹಮದನಗರಗಳು ಕೈಬಿಟ್ಟವು. ಇಷ್ಟಾದರೂ ರಾಜ್ಯ ಉಳಿಯಿತಲ್ಲ! ಮೈಸೂರು, ಪುಣೆ ಎರಡರ ನಡುವೆ ಸಿಕ್ಕಿಕೊಂಡ ಹೈದರಾಬಾದ್ ತೂಕದ ಕಲ್ಲಿನಂತೆ ಇದ್ದದ್ದು ಇದಕ್ಕೆ ಕಾರಣ. ಅದು ಯಾವ ತಟ್ಟೆಗೆ ಬಿದ್ದರೆ ಆ ತಟ್ಟೆ ಕೆಳಗೆ. 1784ರಲ್ಲಿ ಪುಣೆಯ ನಾನಾ ಫಡ್ನವೀಸ್ ಮತ್ತು ಹೈದರಾಬಾದಿನ ನಿಜಾಮ್ ಅಲಿ ನಮ್ಮ ಯಾದಗಿರಿಯಲ್ಲಿ ಕೂತು ಟಿಪ್ಪುವಿನ ವಿರುದ್ಧ ಕೈಜೋಡಿಸಿದರು. ಮುಂದಿನ ವರ್ಷ ನರಗುಂದದಲ್ಲಿ ಕಾಳಗ, ಅದರ ಮುಂದೆ ಬಾದಾಮಿ, ಆದವಾನಿಗಳಲ್ಲಿ. ಟಿಪ್ಪು ಇಬ್ಬರನ್ನೂ ಒಟ್ಟಿಗೆ ಎದುರಿಸಿ, ತುಂಬಿದ ತುಂಗಭದ್ರೆಯನ್ನು ದಾಟಿ, ಮೇಲುಗೈ ಇದ್ದಾಗಲೇ 1787ರಲ್ಲಿ ಗಜೇಂದ್ರಗಡದ ಒಪ್ಪಂದಕ್ಕೆ ಸಹಿ ಹಾಕಿದ. ಬಾದಾಮಿಯನ್ನು ಮರಾಠರಿಗೂ ಆದವಾನಿಯನ್ನು ನಿಜಾಮನಿಗೂ ಬಿಟ್ಟುಕೊಟ್ಟ. ರಣದಲ್ಲಿ ಗೆಲ್ಲುತ್ತಿದ್ದವನು ಮೇಜಿನಲ್ಲಿ ಕೊಟ್ಟದ್ದೇಕೆ ಎಂದು ಕೇಳುವವರಿದ್ದಾರೆ. ಅವನ ಕಣ್ಣು ಇಂಗ್ಲಿಷರ ಮೇಲಿತ್ತು. ಉತ್ತರದ ಗಡಿಯನ್ನು ತಣ್ಣಗಾಗಿಸದೆ ಗತಿಯಿರಲಿಲ್ಲ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಮೂರೇ ವರ್ಷಗಳಲ್ಲಿ ಆ ಇಬ್ಬರೂ ಇಂಗ್ಲಿಷರ ಜೊತೆ ಸೇರಿ ತನ್ನ ಮೇಲೆ ಬೀಳುವುದನ್ನು ತಡೆಯಲು ಅದು ಸಾಲಲಿಲ್ಲ ಅಷ್ಟೆ.

ನಿಜಾಮ್ ಅಲಿಯ ದೊಡ್ಡ ಪಾಠ 1795ರ ಮಾರ್ಚ್‌ನಲ್ಲಿ ಬಂತು. ಖರ್ಡಾದಲ್ಲಿ ಮರಾಠರು ಎದುರಾದಾಗ, ಸ್ನೇಹಿತರಾದ ಇಂಗ್ಲಿಷರು ಕೈಬಿಡಲಾರರು ಎಂದು ಆತ ನಂಬಿದ್ದ. ಗವರ್ನರ್ ಜನರಲ್ ಜಾನ್ ಶೋರ್ ತಟಸ್ಥನಾಗಿ ಉಳಿದ. ನಿಜಾಮನ ಕೂಲಿಯಲ್ಲೇ ಇದ್ದ ಕಂಪನಿಯ ಪಲ್ಟನ್‌ಗಳು ಯುದ್ಧಕ್ಕೆ ಬರಲಿಲ್ಲ. ಸೋತ ನಿಜಾಮ ತನ್ನ ಮಂತ್ರಿಯನ್ನೇ ಒತ್ತೆಯಿಟ್ಟು ಸಂಧಿ ಮಾಡಿಕೊಂಡ. ಸಿಟ್ಟಿನಿಂದ ಫ್ರೆಂಚ್ ಸರದಾರ ರೇಮಂಡ್‌ನ ದಳವನ್ನು ಬೆಳೆಸಿದ. ಹೈದರಾಬಾದಿನ ಮೂಸಾರಾಂಬಾಗ್ ಬಡಾವಣೆಯ ಹೆಸರಿನಲ್ಲಿ ರೇಮಂಡ್ ಇಂದಿಗೂ ಇದ್ದಾನೆ. ಅವನು 1798ರಲ್ಲಿ ತೀರಿಕೊಂಡ. ಅದೇ ಸೆಪ್ಟೆಂಬರ್‌ನಲ್ಲಿ ನಿಜಾಮ ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದ, ಅಕ್ಟೋಬರ್‌ನಲ್ಲಿ ಫ್ರೆಂಚ್ ದಳವನ್ನು ನಿರಾಯುಧಗೊಳಿಸಲಾಯಿತು. ಕಂಪನಿಯ ಆರು ಪಲ್ಟನ್‌ಗಳಿಗೆ ವರ್ಷಕ್ಕೆ 24 ಲಕ್ಷ ರೂಪಾಯಿಗೂ ಮಿಕ್ಕಿ ಕೊಡಬೇಕಿತ್ತು.

ಈ ಬಿಲ್ಲನ್ನು ಕಟ್ಟಿದವರು ಯಾರೆಂದು ಕನ್ನಡಿಗರು ಗಮನಿಸಬೇಕು. 1800ರಲ್ಲಿ ನಗದಿನ ಬದಲು ನೆಲವನ್ನೇ ಕೊಡುವುದೆಂದಾಯಿತು. ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ನಿಜಾಮನಿಗೆ ಪಾಲು ಬಂದಿದ್ದ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಕಂಪನಿಗೆ ಹೋದವು. ಅದಾದ ಒಂದೂವರೆ ಶತಮಾನ ಬಳ್ಳಾರಿ ಮದ್ರಾಸಿಗೆ ಸೇರಿತ್ತು. 1853ರಲ್ಲಿ ಡಾಲ್‌ಹೌಸಿಯ ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಎಂಬ ದಳದ ಸಾಲದ ಬಾಬ್ತು ಬೀರಾರ್, ಧಾರಾಶಿವ, ರಾಯಚೂರು ದೋಆಬ್‌ಗಳನ್ನು ಅಡವಿಟ್ಟದ್ದಾಯಿತು. ಕೃಷ್ಣದೇವರಾಯ ಲಕ್ಷ ದಂಡು ಕಟ್ಟಿ ಗೆದ್ದ ದೋಆಬ್, ಒಂದು ಗುಂಡೂ ಹಾರದೆ, ಸಾಲದ ಕಾಗದದ ಮೇಲೆ ಕೈಬದಲಾಯಿತು. 1857–58ರ ಬಂಡಾಯದಲ್ಲಿ ನಿಜಾಮ ಇಂಗ್ಲಿಷರ ಪರ ನಿಂತ; 1860ರಲ್ಲಿ ರಾಯಚೂರು, ಧಾರಾಶಿವ ಮರಳಿದವು, ಜೊತೆಗೆ ಬಂಡೆದ್ದು ಅಳಿದ ವೆಂಕಟಪ್ಪ ನಾಯಕನ ಸುರಪುರವೂ ಬಹುಮಾನವಾಗಿ ಸಿಕ್ಕಿತು. ಸುರಪುರದವರನ್ನಾಗಲಿ ರಾಯಚೂರಿನವರನ್ನಾಗಲಿ ಯಾರೂ ಕೇಳಲಿಲ್ಲ. ಎರವಲು ಬಲ ಹೊರಗಿನ ಶತ್ರುವನ್ನು ತಡೆಯಿತು, ಅದರಲ್ಲಿ ಸಂದೇಹವಿಲ್ಲ. ಮರಾಠರು ಮತ್ತೆ ಹೈದರಾಬಾದನ್ನು ಮುಟ್ಟಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಬೇರೆ ಮಾತು.

ಇಲ್ಲಿಂದ 1947ಕ್ಕೆ ಹಾರೋಣ. ನಿಜವಾದ ವಿಷಯವಿರುವುದು ಅಲ್ಲಿ. ಬೇಲಿ ಕಟ್ಟಿದವರು ಊರು ಬಿಡುತ್ತಿದ್ದರು. ಒಂದೂವರೆ ಕೋಟಿ ಮೀರಿದ ಜನ, 82 ಸಾವಿರ ಚದರ ಮೈಲಿಗೂ ಹೆಚ್ಚಿನ ನೆಲ, ಸ್ವಂತ ನಾಣ್ಯ, ಸ್ವಂತ ರೈಲು, ನಾಲ್ಕೂ ಕಡೆ ಭಾರತ. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಜೂನ್‌ನಲ್ಲೇ ಫರ್ಮಾನು ಹೊರಡಿಸಿ, ತಾನು ಭಾರತ, ಪಾಕಿಸ್ತಾನ ಎರಡರಲ್ಲಿ ಯಾವ ಸಂವಿಧಾನ ಸಭೆಗೂ ಪ್ರತಿನಿಧಿಗಳನ್ನು ಕಳಿಸುವುದಿಲ್ಲ, ಬ್ರಿಟಿಷರು ಹೋದ ಮೇಲೆ ಸ್ವತಂತ್ರನಾಗುತ್ತೇನೆ ಎಂದ. ಸಂಧಾನಕ್ಕೆ ಆತ ಇಟ್ಟುಕೊಂಡ ವಕೀಲ ವಾಲ್ಟರ್ ಮಾಂಕ್ಟನ್. ಎಂಟನೇ ಎಡ್ವರ್ಡ್ ಸಿಂಹಾಸನ ಬಿಡುವಾಗ ಕಾಗದಪತ್ರ ನೋಡಿಕೊಂಡವನೂ ಅವನೇ. ಒಳ್ಳೆಯ ವಕೀಲನೇ. ಆದರೆ ವಕೀಲನ ಮಾತಿಗೆ ತೂಕ ಕೊಡಲು ಹಿಂದೆ ಸೈನ್ಯ ಬೇಕು. ಮೇಜರ್ ಜನರಲ್ ಎಲ್ ಎದ್ರೂಸ್ ಅವರ ಸಂಸ್ಥಾನ ಸೈನ್ಯದಲ್ಲಿ ತರಬೇತಿಯಾದ, ಸರಿಯಾದ ಆಯುಧವಿದ್ದ ಸಿಪಾಯಿಗಳು ಕೆಲವೇ ಸಾವಿರ. ಆ ಕೊರತೆಯನ್ನು ತುಂಬಲು ಬಂದದ್ದು ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರ ಪಡೆ.

1947ರ ಅಕ್ಟೋಬರ್ 27ರ ನಸುಕಿನ ಘಟನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದೆಹಲಿಯ ಜೊತೆ ಯಥಾಸ್ಥಿತಿ ಒಪ್ಪಂದದ ಕರಡು ತಯಾರಾಗಿತ್ತು. ನಿಜಾಮನ ಆಡಳಿತ ಮಂಡಲಿ ಬಹುಮತದಿಂದ ಒಪ್ಪಿತ್ತು. ಪ್ರಧಾನಿ ಛತಾರಿ ನವಾಬ, ಮಾಂಕ್ಟನ್, ಸರ್ ಸುಲ್ತಾನ್ ಅಹಮದ್ ಅಂದು ದೆಹಲಿಗೆ ಹೊರಡಬೇಕಿತ್ತು. ಬೆಳಗಿನ ಜಾವ ಮೂರರ ಸುಮಾರಿಗೆ ಸಾವಿರಾರು ಮಂದಿ ಬಂದು ಮೂವರ ಮನೆಗಳನ್ನೂ ಸುತ್ತುವರಿದರು. ಪೊಲೀಸರು ಕಾಣಲಿಲ್ಲ, ಕೊನೆಗೆ ಸೈನ್ಯ ಬಂದು ಅವರನ್ನು ಹೊರತರಬೇಕಾಯಿತು. ನಿಯೋಗ ಹೊರಡಲಿಲ್ಲ. ಅದೇ ದಿನ ಶ್ರೀನಗರದ ವಿಮಾನ ನಿಲ್ದಾಣದಲ್ಲಿ ಭಾರತದ ಸೇನೆ ಇಳಿಯುತ್ತಿತ್ತು. ದೆಹಲಿಯ ಕೈ ಕಾಶ್ಮೀರದಲ್ಲಿ ಸಿಕ್ಕಿಕೊಂಡಿರುವಾಗ ಇನ್ನೂ ಹೆಚ್ಚು ಗಿಟ್ಟಿಸಬಹುದು ಎಂಬುದು ರಜ್ವಿಯ ವಾದ. ನಿಜಾಮ ಮಾತು ಬದಲಿಸಿದ. ಛತಾರಿ ರಾಜೀನಾಮೆ ಕೊಟ್ಟರು. ಹೊಸ ನಿಯೋಗ ಹೋಗಿ ಒಂದು ತಿಂಗಳು ತಿಣುಕಿ, ನವೆಂಬರ್ 29ರಂದು ಸಹಿ ಹಾಕಿದ್ದು ಹೆಚ್ಚುಕಡಿಮೆ ಹಳೆಯ ಕರಡಿಗೇ. ದೆಹಲಿಯನ್ನು ಅಂಜಿಸಲು ಸಾಕಿದ ಪಡೆ ಮೊದಲು ಅಂಜಿಸಿದ್ದು ತನ್ನದೇ ಸರ್ಕಾರದ ಸಂಧಾನಕಾರರನ್ನು. ಅಂದಿನಿಂದ ಹೈದರಾಬಾದಿನ ಪರವಾಗಿ ಯಾರು ಏನು ಒಪ್ಪಿದರೂ ಅದು ನಡೆಯುತ್ತದೆಂದು ದೆಹಲಿ ನಂಬುವ ಹಾಗಿರಲಿಲ್ಲ.

ಒಪ್ಪಂದ ಒಂದು ವರ್ಷದ್ದು. ಎರಡು ಕಡೆಯವರೂ ಅದನ್ನು ಬಳಸಿದ್ದು ಉಸಿರು ತೆಗೆದುಕೊಳ್ಳಲು. ಭಾರತ ಸಿಕಂದರಾಬಾದಿನಿಂದ ತನ್ನ ಸೈನ್ಯವನ್ನು ಹಿಂತೆಗೆದುಕೊಂಡಿತು, ಕೆ.ಎಂ. ಮುನ್ಷಿಯವರನ್ನು ಏಜೆಂಟ್ ಜನರಲ್ ಆಗಿ ಕಳಿಸಿತು. ಪ್ರಧಾನಿಯಾಗಿ ಬಂದ ಉದ್ಯಮಿ ಮೀರ್ ಲಾಯಕ್ ಅಲಿಯ ಸರ್ಕಾರ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿತು, ಭಾರತದ ನೋಟಿನ ಚಲಾವಣೆಗೆ ನಿರ್ಬಂಧ ಹಾಕಿತು. ಭಾರತ ಆಯುಧ ಕೊಡಲಿಲ್ಲ, ಸರಕು ಸಾಗಣೆಯನ್ನು ಬಿಗಿ ಮಾಡಿತು. 1948ರ ಮಳೆಗಾಲದಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯನ್ ವಿಮಾನಿಕ ಕರಾಚಿಯಿಂದ ರಾತ್ರಿ ಹೊತ್ತು ಬೀದರ್, ವಾರಂಗಲ್ಲುಗಳಿಗೆ ಆಯುಧ ತಂದಿಳಿಸತೊಡಗಿದ. ಬಂದ ಬಂದೂಕುಗಳಿಂದ ಸೈನ್ಯದ ಬಲ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ದೆಹಲಿಯ ಅನುಮಾನ ಮಾತ್ರ ಚೆನ್ನಾಗಿ ಹೆಚ್ಚಿತು. ಕೆಂಪುಕೋಟೆಯ ಮೇಲೆ ಆಸಫಜಾಹಿ ಬಾವುಟ ಹಾರಿಸುವ ಅರ್ಥದ ರಜ್ವಿಯ ಭಾಷಣಗಳು ಪತ್ರಿಕೆಗಳಲ್ಲಿ ಬಂದವು. ಬಲವಿಲ್ಲದವನ ಬೆದರಿಕೆಗಿಂತ ಎದುರಾಳಿಗೆ ಅನುಕೂಲವಾದದ್ದು ಇನ್ನೊಂದಿಲ್ಲ. ಹೊಡೆಯಲು ಅದೇ ಕಾರಣ ಒದಗಿಸುತ್ತದೆ, ಹೊಡೆತವನ್ನು ತಡೆಯುವ ಶಕ್ತಿಯನ್ನು ಕೊಡುವುದಿಲ್ಲ.

ಇಷ್ಟರಲ್ಲಿ ಗಡಿಯ ಹಳ್ಳಿಗಳಲ್ಲಿ ಏನಾಗುತ್ತಿತ್ತು? ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಸುತ್ತ ಮುಂಬಯಿ, ಮದ್ರಾಸ್ ಪ್ರಾಂತಗಳ ಗಡಿ ಹೆಣೆದುಕೊಂಡಿತ್ತು. ಹೊಲ ಈಚೆ, ಬಾವಿ ಆಚೆ ಎಂಬಂಥ ಊರುಗಳು. ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ ಕರೆಗೆ ಸಿಂದಿ ಗಿಡ ಕಡಿದು ಅಬಕಾರಿ ಆದಾಯಕ್ಕೆ ಕತ್ತರಿ ಹಾಕಿದ ಹುಡುಗರು, ರಜಾಕಾರರ ಹಾವಳಿ ಹೆಚ್ಚಿದಾಗ ಗಡಿ ದಾಟಿ ಬಂದು ಶಿಬಿರ ಕಟ್ಟಿದರು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳ ನಾಯಕತ್ವ, ಗಜೇಂದ್ರಗಡಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರದು. ರಾತ್ರಿ ಗಡಿ ದಾಟಿ ಕರೋಡಗಿರಿ (ಸುಂಕದ) ನಾಕಾಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ಬಿದ್ದು ಬಂದೂಕು ಕಿತ್ತುಕೊಂಡು ಬರುವುದು, ಮರುದಿನ ರಜಾಕಾರರು ಬಂದು ಊರಿನ ಮೇಲೆ ಸೇಡು ತೀರಿಸಿಕೊಳ್ಳುವುದು. 1948ರ ಮೇನಲ್ಲಿ ಬಸವಕಲ್ಯಾಣದ ಬಳಿಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಆ ಭಾಗದ ಜನ ಇಂದಿಗೂ ಮರೆತಿಲ್ಲ. ಅದೇ ತಿಂಗಳ 22ರಂದು ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಮೇಲೆ ದಾಳಿಯಾಯಿತು. ಈ ಶಿಬಿರಗಳನ್ನು ನಿಲ್ಲಿಸಿ ಎಂದು ಹೈದರಾಬಾದ್ ದೆಹಲಿಗೆ ದೂರುತ್ತಿತ್ತು. ಮುಂಬಯಿ ಪ್ರಾಂತದ ಆಡಳಿತ ಕಂಡೂ ಕಾಣದಂತಿತ್ತು. ಅಂದರೆ ಲಗಾಮಿನ ಸಡಿಲಿಕೆ ಒಂದೇ ಕಡೆ ಇರಲಿಲ್ಲ. ವ್ಯತ್ಯಾಸ ಇಷ್ಟೇ, ಮತ್ತು ಅದು ದೊಡ್ಡ ವ್ಯತ್ಯಾಸವೇ: ದೆಹಲಿ ಬೇಕೆಂದಾಗ ಶಿಬಿರಗಳನ್ನು ಮುಚ್ಚಿಸಬಲ್ಲದಾಗಿತ್ತು, ನಿಜಾಮ ರಜಾಕಾರರನ್ನು ತಡೆಯಲಾರದವನಾಗಿದ್ದ.

ಅದು ಬಯಲಾದದ್ದು ಜೂನ್‌ನಲ್ಲಿ. ದೇಶ ಬಿಡುವ ಮೊದಲು ಮೌಂಟ್‌ಬ್ಯಾಟನ್ ಕೊನೆಯ ಕರಡೊಂದನ್ನು ಮುಂದಿಟ್ಟರು. ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರರಲ್ಲಿ ಹೈದರಾಬಾದ್ ಭಾರತದ ಕಾನೂನಿಗೆ ಸರಿಹೊಂದಬೇಕು, ರಜಾಕಾರರನ್ನು ವಿಸರ್ಜಿಸಬೇಕು, ಜವಾಬ್ದಾರಿ ಸರ್ಕಾರದ ಕಡೆ ಹೆಜ್ಜೆ ಇಡಬೇಕು. ಪ್ರತಿಯಾಗಿ ಸಂಸ್ಥಾನ ಉಳಿಯುತ್ತದೆ, ಮಿತಿಯೊಳಗಿನ ಸ್ವಂತ ಸೈನ್ಯವೂ ಉಳಿಯುತ್ತದೆ. ಬೇರೆ ಯಾವ ಸಂಸ್ಥಾನಕ್ಕೂ ಇಷ್ಟು ಸಿಕ್ಕಿರಲಿಲ್ಲ. ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಪಟೇಲರು ಇಷ್ಟವಿಲ್ಲದಿದ್ದರೂ ಮೌಂಟ್‌ಬ್ಯಾಟನ್ನರ ಮುಖ ನೋಡಿ ಒಪ್ಪಿದರು. ನಿಜಾಮ ಒಪ್ಪಲಿಲ್ಲ. ಮಾಂಕ್ಟನ್ ಕೈಚೆಲ್ಲಿದ. ಜೂನ್ 21ರಂದು ಮೌಂಟ್‌ಬ್ಯಾಟನ್ ಹೊರಟುಹೋದರು. ಹೈದರಾಬಾದಿನ ಕುರಿತು ಬರೆಯುವವರು ಸೆಪ್ಟೆಂಬರ್‌ನ ಟ್ಯಾಂಕುಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನನ್ನ ಮಟ್ಟಿಗೆ ನಿಜಾಮ ರಾಜ್ಯ ಕಳೆದುಕೊಂಡದ್ದು ಈ ಜೂನ್ ವಾರದಲ್ಲಿ. ಹೆದರಿಕೆ ದೆಹಲಿಯದಾಗಿದ್ದರೆ ಸಹಿ ಹಾಕುತ್ತಿದ್ದನೇನೋ. ಆತ ಹೆಚ್ಚು ಹೆದರಿದ್ದು ತನ್ನದೇ ಊರಿನ ಗುಂಪಿಗೆ.

ಉಳಿದದ್ದು ಬೇಗ ಮುಗಿಯಿತು. ಆಗಸ್ಟ್ 21ರಂದು ಹೈದರಾಬಾದ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಮೂರನೆಯವರು ಬಂದು ಕಾಪಾಡುತ್ತಾರೆಂಬ ಖರ್ಡಾದ ಹಳೆಯ ನಂಬಿಕೆ. ಮರುರಾತ್ರಿಯ ಹೊತ್ತಿಗೆ, ರಜಾಕಾರರನ್ನು ಟೀಕಿಸಿ ಬರೆಯುತ್ತಿದ್ದ ‘ಇಮ್ರೋಜ್’ ಸಂಪಾದಕ ಶೋಯೆಬುಲ್ಲಾ ಖಾನ್ ನಗರದ ಬೀದಿಯಲ್ಲಿ ಕೊಲೆಯಾಗಿದ್ದರು. ಸೆಪ್ಟೆಂಬರ್ 13ರ ನಸುಕಿನಲ್ಲಿ, ಜಿನ್ನಾ ತೀರಿಕೊಂಡ ಎರಡನೇ ದಿನ, ಮೇಜರ್ ಜನರಲ್ ಜೆ.ಎನ್. ಚೌಧುರಿ ಸೋಲಾಪುರದ ಕಡೆಯಿಂದ ನುಗ್ಗಿದರು. ಅಂದೇ ನಳದುರ್ಗ ಬಿತ್ತು. ವಿಜಯವಾಡದ ಕಡೆಯಿಂದ ಇನ್ನೊಂದು ದಂಡು ಸೂರ್ಯಾಪೇಟೆ ದಾರಿ ಹಿಡಿಯಿತು. ಹೊಸಪೇಟೆಯ ಕಡೆಯಿಂದ ತುಂಗಭದ್ರೆಯ ಸೇತುವೆ ಕೈಸೇರಿತು. ಭದ್ರತಾ ಮಂಡಳಿ ಪ್ಯಾರಿಸಿನಲ್ಲಿ ದೂರನ್ನು ಕೈಗೆತ್ತಿಕೊಂಡದ್ದು 16ರಂದು. 17ರ ಸಂಜೆ ನಿಜಾಮ ರೇಡಿಯೋದಲ್ಲಿ ಕದನವಿರಾಮ ಸಾರಿದ, 18ರಂದು ಎಲ್ ಎದ್ರೂಸ್ ಶರಣಾದರು, 22ರಂದು ದೂರನ್ನೇ ವಾಪಸ್ ಪಡೆಯಲಾಯಿತು. ಆ ಗಡಿಬಿಡಿಯಲ್ಲಿ ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹೋದ ಹತ್ತು ಲಕ್ಷ ಪೌಂಡಿನ ವ್ಯಾಜ್ಯ ತೀರ್ಮಾನವಾದದ್ದು 2019ರಲ್ಲಿ!

ಐದು ದಿನದ ಕಾರ್ಯಾಚರಣೆಯನ್ನು ಸೇನಾ ಶಾಲೆಗಳಲ್ಲಿ ಮೆಚ್ಚಿ ಕಲಿಸಬಹುದು. ಆರನೇ ದಿನದ ಯೋಜನೆ ಯಾರ ಬಳಿಯೂ ಇರಲಿಲ್ಲ. ರಜಾಕಾರರು ಆಯುಧ ಎಸೆದು ಚದುರಿದ ಮೇಲೆ ಹಳ್ಳಿಗಳಲ್ಲಿ ಸೇಡು ಶುರುವಾಯಿತು. ಬಲಿಯಾದವರಲ್ಲಿ ಬಹುಪಾಲು ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ನಾಲ್ಕರಲ್ಲಿ ಎರಡು ನಮ್ಮವು. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ ಸೇರಿದ್ದರೆಂದೂ, ಹಲವೆಡೆ ಸೈನ್ಯದ ಅಧಿಕಾರಿಗಳೇ ಮುಸ್ಲಿಮರನ್ನು ಕಾಪಾಡಿದರೆಂದೂ ವರದಿ ಹೇಳುತ್ತದೆ. ಪಟೇಲರು ಅದನ್ನು ಒಪ್ಪಲಿಲ್ಲ, ಸರ್ಕಾರ ಪ್ರಕಟಿಸಲಿಲ್ಲ, 2013ರಲ್ಲಿ ಎ.ಜಿ. ನೂರಾನಿ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿದರು. ಕಲ್ಯಾಣ ಕರ್ನಾಟಕದಲ್ಲಿ ಪ್ರತಿವರ್ಷ ಸೆಪ್ಟೆಂಬರ್ 17ರಂದು ಬಾವುಟ ಹಾರುತ್ತದೆ, ಹಾರಲಿ. ಗೋರಟಾವನ್ನು ನೆನೆಯುವವರು ಈ ವರದಿಯನ್ನೂ ಓದಬೇಕು, ಈ ವರದಿಯನ್ನು ಹಿಡಿದು ಮಾತಾಡುವವರು ಗೋರಟಾಕ್ಕೂ ಹೋಗಿಬರಬೇಕು.

ಚೌಧುರಿಯವರು ಹೈದರಾಬಾದಿನ ಮಿಲಿಟರಿ ಗವರ್ನರ್ ಆದರು. ಮುಂದೆ 1962ರ ನವೆಂಬರ್‌ನಲ್ಲಿ, ಚೀನಾದೆದುರು ಸೋತ ಸೈನ್ಯದ ಮುಖ್ಯಸ್ಥರಾಗಿ ಬಂದವರೂ ಅವರೇ. ಆ ಸೋಲನ್ನು ಮೊದಲೇ ಊಹಿಸಿದ್ದವರೊಬ್ಬರು ಕೊಡಗಿನ ಜನರಲ್ ತಿಮ್ಮಯ್ಯ. ನಿವೃತ್ತರಾದ ಮೇಲೆ, 1962ರ ಜುಲೈನಲ್ಲಿ ‘ಸೆಮಿನಾರ್’ ಪತ್ರಿಕೆಯಲ್ಲಿ ಅವರು ಬರೆದದ್ದರ ತಾತ್ಪರ್ಯ ಇದು: ಒಬ್ಬಂಟಿಯಾಗಿ ಚೀನಾವನ್ನು ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿ ನಾನು ಕಲ್ಪಿಸಿಕೊಳ್ಳಲಾರೆ, ಇದನ್ನು ರಾಜಕಾರಣಿಗಳೂ ರಾಜತಾಂತ್ರಿಕರೂ ನೋಡಿಕೊಳ್ಳಬೇಕು. ಮೂರು ತಿಂಗಳಲ್ಲಿ ಯುದ್ಧ ಬಂತು. ಹಿಂದೆ ಬಲವಿಲ್ಲದೆ ಮುಂದೆ ಚೌಕಿಗಳನ್ನು ಇಡುತ್ತಾ ಹೋಗಿದ್ದ ದೆಹಲಿ, 1948ರಲ್ಲಿ ಲಾಯಕ್ ಅಲಿ ಮಾಡಿದ ತಪ್ಪನ್ನೇ ಹಿಮಾಲಯದಲ್ಲಿ ಮಾಡಿತ್ತು. ಸಂಸತ್ತಿನ ಅಬ್ಬರದಲ್ಲಿ ನೆಹರೂಗೆ ಹಿಂದೆ ಸರಿಯುವ ದಾರಿಯೂ ಉಳಿದಿರಲಿಲ್ಲ.

1986–87ರಲ್ಲಿ ಅದೇ ಚೀನಾ ಗಡಿಯ ಸುಮದೊರೊಂಗ್ ಚು ಕಣಿವೆಯಲ್ಲಿ ಹಾಗಾಗಲಿಲ್ಲ. ಜನರಲ್ ಸುಂದರ್‌ಜಿ ಹೆಲಿಕಾಪ್ಟರಿನಲ್ಲಿ ಸೈನ್ಯವನ್ನು ಎತ್ತರಕ್ಕೇರಿಸಿದರು. ಹಿಂದೆಯೇ ಮಾತು ನಡೆಯಿತು. 1988ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿ ಬೀಜಿಂಗಿಗೆ ಹೋದರು. 1993, 1996ರ ಒಪ್ಪಂದಗಳು ಅದರ ಫಲ. ವಾಸ್ತವ ಗಡಿರೇಖೆಯ ಎರಡು ಕಿಲೋಮೀಟರಿನೊಳಗೆ ಗುಂಡು ಹಾರಿಸಬಾರದು ಎಂಬ ಕರಾರು ಬಂದದ್ದು 1996ರಲ್ಲಿ. ಈ ನಡುವೆ 1989ರ ಮೇ 22ರಂದು ಕಂಚನ್‌ಬಾಗಿನವರ ಅಗ್ನಿ ಮೊದಲ ಬಾರಿ ಹಾರಿತ್ತು. 2012ರಲ್ಲಿ ಅಗ್ನಿ–5 ಐದು ಸಾವಿರ ಕಿಲೋಮೀಟರ್ ಮೀರಿದ ಗುರಿಯ ಕ್ಷಿಪಣಿಯಾಗಿ ಬಂತು. ದೊಡ್ಡ ಯುದ್ಧವನ್ನು ಇಂಥ ಅಸ್ತ್ರ ತಡೆಯುತ್ತದೆ. ಸಣ್ಣ ಒತ್ತುವರಿಯನ್ನು ತಡೆಯಲಾರದು. ಕಣಿವೆಯಲ್ಲಿ ಡೇರೆ ಹಾಕಿದ ತುಕಡಿಗೆ ಉತ್ತರವಾಗಿ ಅಗ್ನಿ ಹಾರಿಸುತ್ತೇನೆ ಎಂದರೆ ಯಾರೂ ನಂಬುವುದಿಲ್ಲ. 2020ರ ಜೂನ್ 15ರ ರಾತ್ರಿ ಗಲ್ವಾನಿನಲ್ಲಿ ಕಲ್ಲು, ಮೊಳೆ ಹೊಡೆದ ದೊಣ್ಣೆಗಳ ಕಾಳಗದಲ್ಲಿ ನಮ್ಮ 20 ಯೋಧರು ಸತ್ತರು. ಚೀನಾ ಒಪ್ಪಿಕೊಂಡದ್ದು ತನ್ನ ನಾಲ್ವರನ್ನು. 16 ಬಿಹಾರ್ ಪಲ್ಟನ್ನಿನ ಕರ್ನಲ್ ಸಂತೋಷ್ ಬಾಬು ಆ ರಾತ್ರಿ ಮಡಿದರು. ಅವರ ಊರು 1948ರ ದಂಡು ಹಿಡಿದ ದಾರಿಯ ಅದೇ ಸೂರ್ಯಾಪೇಟೆ.

ಆಮೇಲೆ ನಡೆದದ್ದು ಈ ಸಮೀಕ್ಷೆಗೆ ಹೆಚ್ಚು ಮುಖ್ಯ. ಆ ವರ್ಷ ಆಗಸ್ಟ್ ಕೊನೆಯ ರಾತ್ರಿಗಳಲ್ಲಿ ಭಾರತದ ಸೈನ್ಯ ಪ್ಯಾಂಗಾಂಗ್ ಸರೋವರದ ದಕ್ಷಿಣಕ್ಕೆ ಕೈಲಾಸ ಶ್ರೇಣಿಯ ಎತ್ತರಗಳನ್ನು ಹಿಡಿಯಿತು. ಗುಂಡಿನ ಯುದ್ಧವಿಲ್ಲ, ಟಿವಿಯಲ್ಲಿ ಮುನ್ಸೂಚನೆಯಿಲ್ಲ. ಚುಶೂಲ್–ಮೋಲ್ಡೊ ಸೇನಾ ಮಾತುಕತೆಗೆ ಆಗ ತೂಕ ಬಂತು. 2021ರ ಫೆಬ್ರವರಿಯಲ್ಲಿ ಪ್ಯಾಂಗಾಂಗಿನ ಎರಡೂ ದಡಗಳಿಂದ ಎರಡೂ ಸೈನ್ಯಗಳು ಹಿಂದೆ ಸರಿದವು. ಎತ್ತರವನ್ನು ಅಷ್ಟು ಬೇಗ ಬಿಡಬಾರದಿತ್ತು, ತಕರಾರಿನ ಇನ್ನೊಂದು ಜಾಗವಾದ ದೆಪ್ಸಾಂಗ್ ಇತ್ಯರ್ಥವಾಗುವವರೆಗೆ ಹಿಡಿದಿಡಬೇಕಿತ್ತು ಎಂದು ಹಲವು ನಿವೃತ್ತ ಸೇನಾಧಿಕಾರಿಗಳು ವಾದಿಸಿದರು. ಅವರ ವಾದದಲ್ಲಿ ಹುರುಳಿದೆ; 2024ರ ಫೆಬ್ರವರಿ ಹೊತ್ತಿಗೆ 21 ಸುತ್ತು ಮಾತು ಮುಗಿದಿದ್ದರೂ ದೆಪ್ಸಾಂಗ್, ದೆಮ್‌ಚೋಕ್ ಬಗೆಹರಿದಿರಲಿಲ್ಲ. ಅವೆರಡರಲ್ಲಿ ಗಸ್ತಿನ ಒಪ್ಪಂದ ಪ್ರಕಟವಾದದ್ದು ಅಕ್ಟೋಬರ್ 21ಕ್ಕೆ. ಹಾಗಿದ್ದರೂ ನಾನು 2021ರ ಫೆಬ್ರವರಿಯ ಆ ಹಿಂತೆಗೆತದ ಪರ. ಹಿಡಿದವರೇ ಬಿಟ್ಟದ್ದು, ಮಾತಾಡಿ ಬಿಟ್ಟದ್ದು, ಎದುರಿನವರೂ ಬಿಟ್ಟಾಗ ಬಿಟ್ಟದ್ದು. ಗಜೇಂದ್ರಗಡದ ನಂತರ ನಮ್ಮ ಗಡಿಗಳಲ್ಲಿ ಇದು ಅಪರೂಪ.

ಒಂದು ಬಾಕಿ ಇದೆ. ಗಲ್ವಾನ್, ಪ್ಯಾಂಗಾಂಗ್, ಗೋಗ್ರಾ, ಹಾಟ್ ಸ್ಪ್ರಿಂಗ್ಸ್‌ಗಳಲ್ಲಿ ಸೈನ್ಯಗಳನ್ನು ದೂರವಿಡಲು ನಡುವೆ ಯಾರೂ ಕಾಲಿಡದ ವಲಯಗಳನ್ನು ಬಿಡಲಾಯಿತು. ಅದರಿಂದ ತಮ್ಮ ಹುಲ್ಲುಗಾವಲು ಕೈತಪ್ಪಿತೆಂದು ಚುಶೂಲ್ ಸುತ್ತಲಿನ ಕುರಿಗಾಹಿಗಳೂ ಅವರ ಪ್ರತಿನಿಧಿಗಳೂ ವರ್ಷಗಳಿಂದ ಹೇಳುತ್ತಿದ್ದಾರೆ. 2024ರ ಒಪ್ಪಂದ ಬಂದಾಗ ದೆಪ್ಸಾಂಗ್, ದೆಮ್‌ಚೋಕ್‌ಗಳಲ್ಲಿ ಗಸ್ತು, ಮೇವು ಎರಡೂ ಮತ್ತೆ ಶುರುವಾಗುತ್ತವೆಂದು ಹೇಳಲಾಯಿತು. ಆ ನಾಲ್ಕು ವಲಯಗಳು ಮಾತ್ರ ಹಾಗೇ ಉಳಿದವು.